ಭಾಷಣಕಾರರ ಮನೆಯ ತಿಂಡಿ

ಕೋಲ್ಕತ್ತದ ಕನ್ನಡಿಗರ ಪುಟ್ಟ ಸಂಘವೊಂದು ತಿಂಗಳ ಭಾಷಣಕ್ಕೆ ಮೊದಲ ಬಾರಿಗೆ ಒಬ್ಬ ಗೃಹಿಣಿಯನ್ನು ಆರಿಸಿದ್ದೇ ಎಲ್ಲ ಅನರ್ಥಕ್ಕೂ ಮೂಲ. ವಿಷಯ, ‘ನಮ್ಮ ಕಾದಂಬರಿಗಳಲ್ಲಿ ಗೃಹಿಣಿ’. ಮದುವೆಯಾದಂದಿನಿಂದ ಒಲೆಯ ಮುಂದೆ ನಿಂತೇ ಕಾದಂಬರಿಗಳನ್ನು ಓದಿದ ವಸುಂಧರೆಗೆ, ಒಮ್ಮೆಯಾದರೂ ನಾಲ್ಕು ಜನ ತನ್ನ ಮಾತನ್ನು ಕೇಳಬೇಕೆಂಬ ಆಸೆ.

ಬೆಳಿಗ್ಗೆಯೇ ಕಾರ್ಯದರ್ಶಿ ಯಶವಂತರಾಯರ ಫೋನು ಬಂತು.

“ಭಾಷಣಕಾರರ ಮನೆಯಿಂದಲೇ ತಿಂಡಿ ಬರೋದು ಸಂಪ್ರದಾಯ ಅಲ್ವಾ, ಅಮ್ಮಾ? ಬಿಸಿಬೇಳೆಬಾತ್ ಮಾಡಿಬಿಡಿ.”

“ಗಂಡಸರು ಮಾತಾಡುವಾಗ ಹೆಂಡತಿ ಮಾಡ್ತಾಳೆ. ಇವತ್ತು ಮಾತಾಡುವವಳೇ ನಾನು. ಮಾಡುವವರು ಯಾರು?”

“ಅದೇ ನೋಡಿ ಅನುಕೂಲ! ಎರಡೂ ನೀವೇ!”

ಪತಿ ನರಹರಿ ಪತ್ರಿಕೆಯಿಂದ ತಲೆಯೆತ್ತದೆ, “ನಾನು ಕೇಳ್ಲಿಕ್ಕೆ ಬರ್ತೇನಲ್ಲ ಮಾರಾಯ್ತಿ, ಅದು ಸಹಾಯ ಅಲ್ವಾ?” ಎಂದರು.

ಬಿಸಿಬೇಳೆಬಾತ್ ಮಾಡಿಟ್ಟು ವಸುಂಧರೆ ಸೀರೆಯುಡಲು ಒಳಹೋದಾಗ ಪಕ್ಕದ ಮನೆಯ ಮಿತಾಲಿದೀ ಬಂದು ಪಾತ್ರೆಯಿಂದ ಒಂದಿಷ್ಟು ರುಚಿ ನೋಡಿದರು. ಇಷ್ಟು ಹುಳಿಯನ್ನು ಯಾರು ತಿಂದಾರೆಂದು ಮರುಗಿ, ಬಂಗಾಳಿ ಔದಾರ್ಯದಿಂದ ಬೊಗಸೆ ಸಕ್ಕರೆ ಸುರಿದು, “ಏಕ್ಟು ಚಿನಿ ದಿಲಾಮ್, ಬೌದಿ!”, ಸ್ವಲ್ಪ ಸಕ್ಕರೆ ಹಾಕಿದೆ ಅತ್ತಿಗೆ, ಎಂದು ಕೂಗಿ ಹೇಳಿಯೇ ಹೋದರು. ಮತ್ತೆ ಮಾಡಲು ಹೊತ್ತಿರಲಿಲ್ಲ.

ಬಾರಾನಗರದಿಂದ ಕಾಳಿಘಾಟಿನವರೆಗೆ ಮೆಟ್ರೋದಲ್ಲಿ ಆ ಪಾತ್ರೆಯನ್ನು ಹಸುಗೂಸಿನಂತೆ ಅಪ್ಪಿ ನಿಂತವಳು ವಸುಂಧರೆ. ಸೀಟು ದೊರೆತದ್ದು ನರಹರಿಗೆ.

ಸಂಘದಲ್ಲಿ ತಿಂಡಿ ಮೊದಲು, ತತ್ತ್ವ ಆಮೇಲೆ. ಎಲ್ಲರಿಗೂ ಬಡಿಸಿ, ಕೈಯನ್ನು ಸೆರಗಿಗೊರಸಿ, ವಸುಂಧರೆ ವೇದಿಕೆಯೇರಿದಳು.

“ಕಾದಂಬರಿಯಲ್ಲಿ ಗೃಹಿಣಿಯನ್ನು ದೇವತೆ ಅಂದರು, ತ್ಯಾಗಮಯಿ ಅಂದರು, ಭೂಮಿ ಅಂದರು. ಅವಳದ್ದು ಊಟ ಆಯಿತಾ ಅಂತ ಮಾತ್ರ ಬರೆಯಲಿಕ್ಕೆ ಮರೆತರು.”

ಹೆಂಗಸರ ಕಣ್ಣುಗಳು ಒದ್ದೆಯಾದವು. ಪ್ರಶ್ನೆಗಳಿದ್ದರೆ ಕೇಳಬಹುದೆಂದು ಯಶವಂತರಾಯರು ಸಾರಿದೊಡನೆ ಹಿರಿಯ ಸದಸ್ಯ ವೀರಭದ್ರಪ್ಪನವರು ಗಂಭೀರವಾಗಿ ಎದ್ದರು.

“ಅಲ್ರೀ ಬಾಯಾರ, ಬಿಸಿಬ್ಯಾಳಿಬಾತ್ ಸಿಹಿ ಯಾಕ ಆಗೇತಿ?”

ವಸುಂಧರೆಯ ಸಹನೆ ಮರೆತಿಟ್ಟ ಹಾಲಿನಂತೆ ಉಕ್ಕಿತು. “ಹಾಗಾದ್ರೆ ಮುಂದಿನ ತಿಂಗಳಿಂದ ಗಂಡಸರೇ ಮಾಡಿ ತನ್ನಿ!”

ಹೆಂಗಸರ ಚಪ್ಪಾಳೆಗೆ ಫ್ಯಾನುಗಳು ನಡುಗಿದವು. ಆಶ್ಚರ್ಯವೆಂದರೆ ಗಂಡಸರೂ ಕೈಯೆತ್ತಿದರು; ನಿರ್ಣಯ ಸರ್ವಾನುಮತ. ಗೆದ್ದೆನೆನ್ನಿಸಿ ವಸುಂಧರೆ ಸಭೆಗೆ ಕೈಮುಗಿದಳು.

“ಒಪ್ಪಿದ್ವಿ,” ಎಂದರು ಯಶವಂತರಾಯರು ವಿನಯದಿಂದ. “ಆದ್ರೆ ನಮಗ್ಯಾರಿಗೂ ಒಗ್ಗರಣೆ ಹಾಕೋಕೂ ಬರಲ್ಲ. ಕಲಿಸೋರು ಬೇಕಲ್ಲ?”

ನರಹರಿ ಅಂದು ಮೊದಲ ಬಾರಿಗೆ ಉತ್ಸಾಹದಿಂದ ಎದ್ದು ನಿಂತರು. “ಅದಕ್ಕೇನು ಯೋಚನೆ? ಪ್ರತಿ ಭಾನುವಾರ ಎಲ್ಲರೂ ನಮ್ಮನೆಗೇ ಬನ್ನಿ. ಇವಳು ಮಾಡಿ ತೋರಿಸ್ತಾಳೆ, ನಾವು ತಿಂದು ಕಲಿಯುವ!”

ಈ ನಿರ್ಣಯಕ್ಕೆ ಮೊದಲು ಕೈಯೆತ್ತಿದವರು ಹೆಂಗಸರು. ಭಾನುವಾರವಾದರೂ ಅವರ ಒಲೆಗೆ ಬಿಡುವು.