ಡೆರಾಮನನ ಬಿಳಿ ಕ್ಯಾನು

ನರ್ಸಮ್ಮ ಕೊಟ್ಟ ಮೂರು ಲೀಟರಿನ ಬಿಳಿ ಕ್ಯಾನೇ ಎಲ್ಲಕ್ಕೂ ಮೂಲ. ಒಂದು ಹಗಲು, ಒಂದು ರಾತ್ರಿ ಡೆರಾಮನನ ಮೂತ್ರವೆಲ್ಲ ಅದರೊಳಗೇ ಸೇರಬೇಕು. ಒಂದು ಹನಿಯೂ ಆಚೆ ಹೋಗಕೂಡದು.

"ಸಕ್ಕರೆ, ಹೃದಯ, ಕಿಡ್ನಿ ಎಲ್ಲ ಬೀಗರು, ಚಿಕ್ಕಪ್ಪ," ಎಂದಿದ್ದಳು ಎಳೆಯ ಡಾಕ್ಟರಮ್ಮ. "ಒಬ್ಬರು ಮಲಗಿದ್ರೆ ಉಳಿದವರೂ ಬಂದು ಪಕ್ಕದಲ್ಲೇ ಮಲಗ್ತಾರೆ. ಇದರ ಫಲಿತಾಂಶ ಬರಲಿ. ನೀವು ಅಡುಗೆ ಮುಂದುವರಿಸಬೇಕೋ, ಸೌಟು ಕೆಳಗಿಡಬೇಕೋ ಆಮೇಲೆ ಹೇಳ್ತೀನಿ."

ಮೂವತ್ತು ವರ್ಷಗಳಿಂದ ಮಲೇಷ್ಯಾದ ಪೆರಾಕ್ ಹೊಳೆಯ ಈ ದಡದಲ್ಲಿ ಡೆರಾಮನನ ಕೈಯ ದನದ ಗುಲೈ ಸಾರು ಇಲ್ಲದೆ ಒಂದು ಮದುವೆಯೂ ಆಗಿರಲಿಲ್ಲ. ಹೆಂಡತಿ ಸಲ್ಬಿಯಾಗೆ ವಿಷಯ ತಿಳಿದರೆ ಫಲಿತಾಂಶಕ್ಕೂ ಕಾಯದೆ ಇವತ್ತೇ ಸೌಟು ಕಿತ್ತುಕೊಳ್ಳುತ್ತಾಳೆ. ಹಾಗಾಗಿ ಕ್ಯಾನನ್ನು ಮಂಜುಗಡ್ಡೆಯ ಡಬ್ಬಿಯೊಳಗಿಟ್ಟು, ಊರಾಚೆ ರಬ್ಬರ್ ಹಾಳೆ ಒಣಗಿಸುತ್ತಿದ್ದ ಹಳೇ ಕೊಟ್ಟಿಗೆಯಲ್ಲಿ ಬಚ್ಚಿಟ್ಟ. ಕೊಟ್ಟಿಗೆಯ ಪಕ್ಕದಲ್ಲೇ ಒಬ್ಬ ವಿಧವೆಯ ಮನೆಯಿರುವುದು ಅವನ ತಲೆಗೆ ಹೊಳೆಯಲಿಲ್ಲ.

ಗ್ರಹಚಾರಕ್ಕೆ ಅಂದೇ ಹಾಜಿಯವರ ಮನೆ ಮದುವೆ. ಗಂಟೆಗೊಮ್ಮೆ ಡೆರಾಮನ ಕುದಿಯುವ ಕೊಪ್ಪರಿಗೆ ಬಿಟ್ಟು, ಬಾಲಕ್ಕೆ ಬೆಂಕಿ ಬಿದ್ದ ಬೆಕ್ಕಿನಂತೆ ಸ್ಕೂಟರ್ ಏರಿ ಹಾರುತ್ತಿದ್ದ; ಹತ್ತು ನಿಮಿಷಕ್ಕೆ ಮುಗುಳ್ನಗುತ್ತ ಮರಳುತ್ತಿದ್ದ.

ಈರುಳ್ಳಿ ಹೆಚ್ಚುತ್ತಿದ್ದ ಪಕ್ಕದ ಮನೆಯ ಸೆನಾ ಇದನ್ನೆಲ್ಲ ಎಣಿಸುತ್ತಿದ್ದಳು.

"ಸಲ್ಬಿಯಕ್ಕಾ, ಇದು ಐದನೇ ಸಲ. ನಿಮ್ಮ ಯಜಮಾನ್ರು ಆ ವಿಧವೆ ಮನೆ ಕಡೆಗೇ ಹೋಗ್ತಿದಾರೆ."

"ಸೌದೆ ತರೋಕಿರಬೇಕು ಬಿಡೇ."

"ಬರಿಗೈಲಿ ಬರ್ತಾರಲ್ಲ! ಬರೋವಾಗ ಆ ಮುಖ ನೋಡಿ, ಎಷ್ಟು ಹಗುರಾಗಿದೆ!"

ಸಲ್ಬಿಯಾ ಚಾಕು ಕೆಳಗಿಟ್ಟಳು. ಆಮೇಲೆ ಯೋಚಿಸಿ ಮತ್ತೆ ಕೈಗೆತ್ತಿಕೊಂಡಳು.

ಏಳನೇ ಸಲ ಡೆರಾಮನ ಕೊಟ್ಟಿಗೆ ಹೊಕ್ಕು ಲುಂಗಿ ಎತ್ತುವಷ್ಟರಲ್ಲಿ ಬಾಗಿಲು ಧಡಾರನೆ ತೆರೆಯಿತು. ಹೊರಗೆ ಅರ್ಧ ಮದುವೆಮನೆಯೇ ನಿಂತಿತ್ತು.

"ಎಲ್ರೀ ಅವಳು?" ಸಲ್ಬಿಯಾ ಗುಡುಗಿದಳು.

ಡೆರಾಮನ ಒಂದು ಹನಿಯೂ ಚೆಲ್ಲದಂತೆ ಕ್ಯಾನನ್ನು ಎದೆಗವಚಿಕೊಂಡು ಎಲ್ಲ ಒಪ್ಪಿಕೊಂಡ. ಸೆನಾ ಮೂಸಿ ನೋಡಿ ಹೌದೆಂದು ಸಾಕ್ಷಿ ಹೇಳಿದಳು. ಸಲ್ಬಿಯಾ ಗೊಳೋ ಎಂದು ಅತ್ತು, ಕ್ಯಾನನ್ನು ಹಸುಗೂಸಿನಂತೆ ಮನೆಗೆ ಹೊತ್ತೊಯ್ದಳು.

ಮರುದಿನ ಬೆಳಿಗ್ಗೆ ಕೊನೆಯ ಕಂತು ಸೇರಿಸಿ ಡೆರಾಮನ ಸ್ನಾನಕ್ಕೆ ಹೋದ. ಆಸ್ಪತ್ರೆಗೆ ಹೊರಟಾಗ ಬಟ್ಟೆಯಲ್ಲಿ ಸುತ್ತಿದ ಕ್ಯಾನು ಸಲ್ಬಿಯಾಳ ಮಡಿಲಲ್ಲಿತ್ತು.

ನರ್ಸಮ್ಮ ಬಟ್ಟೆ ಬಿಚ್ಚಿ ಹುಬ್ಬೇರಿಸಿದಳು. "ಚಿಕ್ಕಪ್ಪ, ಕತ್ತಿನವರೆಗೂ ಇದೆಯಲ್ಲ!"

"ಅರ್ಧವೇ ಇತ್ತಲ್ಲಮ್ಮ!" ಡೆರಾಮನ ಕಣ್ಣು ಕಣ್ಣು ಬಿಟ್ಟ.

ಸಲ್ಬಿಯಾ ಸೆರಗಿನ ತುದಿ ತಿರುಚಿದಳು. "ನಿನ್ನೆ ಸುಮ್‌ಸುಮ್ನೆ ಅನುಮಾನಪಟ್ಟೆನಲ್ಲಾಂತ ಮನಸ್ಸಿಗೆ ಸಂಕಟ ಆಯ್ತು ಕಣ್ರೀ. ದೊಡ್ಡ ಆಸ್ಪತ್ರೆಗೆ ಅರ್ಧ ಪಾತ್ರೆ ಕಳಿಸೋದಾ? ಜನ ಏನಂದಾರು! ಅದಕ್ಕೇ ನಾನೂ ಒಂದಿಷ್ಟು... ಸಾಲದೆ ಬಂತು. ಪಾಪ, ಸೆನಾನೂ ಬಂದು ಕೈಜೋಡಿಸಿದಳು."

"ಮೂರು ಜನರ ಕಿಡ್ನಿ ಒಟ್ಟಿಗೆ ನೋಡೋ ಯಂತ್ರ ನಮ್ಮಲ್ಲಿಲ್ಲಮ್ಮ," ಎಂದು ನರ್ಸಮ್ಮ ಹೊಸ ಕ್ಯಾನು ಮುಂದಿಟ್ಟಳು. "ನಾಳೆಯಿಂದ ಮತ್ತೆ ಶುರು ಮಾಡಿ. ಫಲಿತಾಂಶ ಬರೋವರೆಗೆ ಸೌಟು ಮುಟ್ಟಬೇಡಿ ಅಂತ ಡಾಕ್ಟರ್ ಹೇಳಿದಾರೆ."

ಸ್ಕೂಟರ್ ಮನೆಯ ಮುಂದೆ ನಿಂತಾಗ ಸೆನಾ ಬೇಲಿಯಾಚೆಯಿಂದ ಕತ್ತು ಚಾಚಿದಳು. ಹೊಸ ಕ್ಯಾನನ್ನು ಅಲ್ಲಾಡಿಸಿ ನೋಡಿದವಳ ಮುಖ ಕೆಂಪೇರಿತು.

"ಅಯ್ಯೋ, ಅಷ್ಟು ತುಂಬಿಸಿ ಕೊಟ್ಟಿದ್ದಕ್ಕೆ ಖಾಲಿ ವಾಪಸ್ ಕಳಿಸಿದಾರಾ? ಎಂಥಾ ಮರ್ಯಾದೆಗೆಟ್ಟ ಜನ!"