ನನ್ನ ಸಂಬಳ ಹೆಚ್ಚಿದ ಬಗೆ

ನಾನು ಪುಕ್ಕಲನೇ ಹೊರತು ದಡ್ಡನಲ್ಲ. ಒಂದಾಣೆ ಖರ್ಚು ಮಾಡುವುದಕ್ಕೂ ಮೂರು ದಿನ ಯೋಚಿಸುವ ಮನುಷ್ಯ. ಆದ್ದರಿಂದ ಮುಂಬಯಿಯಿಂದ ಅಂಚೆಯಲ್ಲಿ ಕಲಿಸುವ ‘ಮಾರಾಟ ಕಲೆ’ಯ ಸರ್ಟಿಫಿಕೇಟಿಗೆ ನಲವತ್ತು ರೂಪಾಯಿ ಕಟ್ಟುವಾಗ ನಾನು ಮೋಸಹೋಗುವ ಸಂಭವವೇ ಇರಲಿಲ್ಲ.

ಆಗ ನಾನು ಬಳೇಪೇಟೆಯ ಒಂದು ಬಳೆ ಅಂಗಡಿಯಲ್ಲಿ ಕಾಗದಪತ್ರ ಬರೆಯುವ ಗುಮಾಸ್ತ. ವಯಸ್ಸು ನಲವತ್ತು ದಾಟಿತ್ತು. ಪಕ್ಕದ ಅಂಗಡಿಯವರು ನನ್ನ ವಯಸ್ಸಿನ ಗುಮಾಸ್ತನಿಗೆ ಹಾರ ಹಾಕಿ ಮನೆಗೆ ಕಳಿಸಿದ ದಿನದಿಂದ ನನಗೆ ಹಾರ ಕಂಡರೆ ಎದೆ ಹೊಡೆದುಕೊಳ್ಳುತ್ತಿತ್ತು. ಸರ್ಟಿಫಿಕೇಟು ಇದ್ದವನನ್ನು ಯಾರು ಬಿಡುತ್ತಾರೆ? ಬಿಡುವುದಿರಲಿ, ತಿಂಗಳಿಗೆ ಐದು ರೂಪಾಯಿ ಹೆಚ್ಚು ಕೊಟ್ಟು ಇಟ್ಟುಕೊಳ್ಳುತ್ತಾರೆ. ಎಂಟು ತಿಂಗಳಿಗೆ ಅಸಲು ವಸೂಲು, ಆಮೇಲೆ ಬಂದದ್ದೆಲ್ಲ ಲಾಭ. ಎಂಟು ತಿಂಗಳೊಳಗೆ ನಾನು ಸತ್ತರೆ ಮಾತ್ರ ನಷ್ಟ. ಅದನ್ನೂ ಯೋಚಿಸಿ ಒಂದು ರಾತ್ರಿ ನಿದ್ದೆಗೆಟ್ಟೆ.

ಹಣ ನನ್ನದಲ್ಲ, ನನ್ನ ಹೆಂಡತಿ ಶಾರದೆಯದು. ಚಾಮರಾಜಪೇಟೆಯ ನಮ್ಮ ಮನೆಯ ಬಚ್ಚಲಿನ ಹಂಡೆ ಸೋರುತ್ತಿತ್ತು. ಅವಳು ಅದಕ್ಕೆ ಸುಣ್ಣ ಬೆಲ್ಲ ಕಲಸಿ ಮೆತ್ತುತ್ತ, ಹೊಸ ತಾಮ್ರದ ಹಂಡೆಗೆಂದು ಆ ಹಣ ಕೂಡಿಟ್ಟಿದ್ದಳು.

“ಸಂಬಳ ಹೆಚ್ಚೋದು ಖಂಡಿತ ತಾನೇ?” ಎಂದಳು.

“ಖಂಡಿತ.”

“ನೀವು ಖಂಡಿತ ಅಂದಾಗ್ಲೇ ನಂಗೆ ಭಯ ಆಗೋದು,” ಎನ್ನುತ್ತಲೇ ಕೊಟ್ಟಳು.

ಇಲ್ಲಿ ನಮ್ಮ ಅಂಗಡಿಯ ಒಂದು ಕಟ್ಟಳೆ ಹೇಳಬೇಕು. ಬಳೆ ‘ಒಡೆಯಿತು’ ಎಂಬ ಮಾತು ಅಲ್ಲಿ ಯಾರ ಬಾಯಲ್ಲೂ ಬರಕೂಡದು. ಹೆಂಗಸಿನ ಕೈಬಳೆ ಒಡೆಯುವುದು ಗಂಡ ಸತ್ತಾಗ. ಅದಕ್ಕೇ ಬಳೆ ಕೈಜಾರಿ ಬಿದ್ದು ಚೂರಾದರೆ ‘ಹೆಚ್ಚಿತು’ ಎನ್ನಬೇಕು. ಒಮ್ಮೆ ಒಂದು ಪೆಟ್ಟಿಗೆ ಪೂರ್ತಿ ಚೂರಾಗಿ ಬಂದಾಗಲೂ ನಮ್ಮ ಸಾಹುಕಾರರು, “ಈ ಸಲ ಬಹಳ ಹೆಚ್ಚಿದೆ” ಎಂದು ತಲೆಯ ಮೇಲೆ ಕೈಹೊತ್ತು ಕೂತಿದ್ದರು.

ಪಾಠಗಳು ಬಂದವು. ಮೊದಲ ಪಾಠವೇ ನನಗೆಂದು ಬರೆದಂತಿತ್ತು. ‘ಗಿರಾಕಿಯಲ್ಲಿ ಭಯ ಹುಟ್ಟಿಸಿ. ಹೆದರಿದವನು ಚೌಕಾಸಿ ಮಾಡುವುದಿಲ್ಲ.’ ಭಯದ ವಿಷಯದಲ್ಲಿ ನನಗೆ ಯಾರೂ ಪಾಠ ಹೇಳಬೇಕಾಗಿರಲಿಲ್ಲ! ಕೊನೆಗೆ ಕೆಂಪು ಮೊಹರಿನ ಸರ್ಟಿಫಿಕೇಟೂ ಬಂತು. ಸಾಹುಕಾರರು ಅದನ್ನು ದೂರ ಹಿಡಿದು ನೋಡಿ, “ಸರಿ ರಾಯರೇ, ಈವತ್ತು ಒಂದು ಗಿರಾಕಿ ನೋಡ್ಕೊಳ್ಳಿ. ಸಂಬಳದ ಮಾತು ಸಂಜೆ ಆಡೋಣ” ಎಂದರು.

ಗಿರಾಕಿ ಬಂದೇಬಂತು. ಬಸವನಗುಡಿಯ ಒಬ್ಬ ಹಿರಿಯಾಕೆ, ಜೊತೆಯಲ್ಲಿ ಮದುವೆ ಗೊತ್ತಾಗಿದ್ದ ಮಗಳು. ಅಳತೆ ನೋಡಲು ಸಾಹುಕಾರರೇ ಹುಡುಗಿಯ ಕೈಗೆ ಹಸಿರು ಬಳೆ ಏರಿಸುತ್ತಿದ್ದರು. ತಾಯಿ ಅಗ್ಗದ ಬಳೆ ಕೇಳಿದರು. ಪಾಠ ನೆನೆದೆ. ಪಾಠದಲ್ಲಿದ್ದದ್ದು ಪಿಂಗಾಣಿ ತಟ್ಟೆಯ ಉದಾಹರಣೆ. ನಾನು ಆ ಮಾತಿನಲ್ಲಿ ತಟ್ಟೆ ತೆಗೆದು ಬಳೆ ಹಾಕಿದೆ. ಅಷ್ಟೇ!

“ಅಗ್ಗದ್ದು ಬೇಡ ಅಮ್ಮ. ಧಾರೆ ಹೊತ್ತಿಗೇ ಒಡೆದುಹೋಗುತ್ತೆ. ಆಮೇಲೆ ಅತ್ತರೆ ಏನು ಬಂತು?”

ಸಾಹುಕಾರರ ಕೈ ಎದೆಯ ಮೇಲಿನ ಲಿಂಗಕ್ಕೆ ಹೋಯಿತು. ತಾಯಿ ಮಗಳ ಎರಡೂ ಕಿವಿ ಮುಚ್ಚಿದರು. ಆಗಲಾದರೂ ನಾನು ಬಾಯಿ ಮುಚ್ಚಬಹುದಿತ್ತು. ಆದರೆ ಎರಡನೆಯ ಪಾಠವಿತ್ತಲ್ಲ! ಗಿರಾಕಿ ಮೌನವಾದರೆ ಗ್ಯಾರಂಟಿ ಕೊಡಬೇಕು.

“ಯೋಚನೆ ಬೇಡಮ್ಮ. ನಮ್ಮದು ಒಡೆದರೆ ಬೇರೆ ಕೊಡ್ತೀವಿ.”

“ಬೇರೆ ಏನು ಕೊಡ್ತೀಯಪ್ಪ?” ಎಂದರು ಆಕೆ. “ಅಳಿಯನ್ನಾ?”

ಹುಡುಗಿ ಅಳಲು ಶುರುಮಾಡಿದಳು. ಸಾಹುಕಾರರು ಅವರಿಬ್ಬರನ್ನೂ ಕೂರಿಸಿ, ಅರಿಶಿನ ಕುಂಕುಮ ತೆಂಗಿನಕಾಯಿ ತರಿಸಿ, ಮದುವೆಮನೆಯ ಅಷ್ಟೂ ಹೆಂಗಸರಿಗೆ ಮೇಲ್ತರದ ಬಳೆಯನ್ನು ಕಾಸಿಲ್ಲದೆ ಕಟ್ಟಿಸಿ, ಜಟಕಾದವರೆಗೂ ಹೋಗಿ ಕೈಮುಗಿದು ಬಂದರು. ಮಾರಾಟ ಕಲೆಯಿಂದ ನಾನು ಖಾಲಿ ಮಾಡಿಸಿದಷ್ಟು ಸರಕನ್ನು ಅಂಗಡಿಯಲ್ಲಿ ಯಾರೂ ಒಂದೇ ದಿನದಲ್ಲಿ ಖಾಲಿ ಮಾಡಿದ್ದಿಲ್ಲ.

ಸಂಜೆ ಸಂಬಳದ ಮಾತಾಯಿತು. ನನ್ನ ಕಣ್ಣು ಮಾತ್ರ ಹಾರ ಎಲ್ಲಿದೆ ಎಂದು ಹುಡುಕುತ್ತಿತ್ತು. ಪುಣ್ಯಾತ್ಮರು ಹಾರ ಹಾಕಲಿಲ್ಲ. ಬಳೆಯ ಬೆಲೆ ತೀರುವ ತನಕ ತಿಂಗಳಿಗೆ ಐದು ರೂಪಾಯಿ ಮುರಿದುಕೊಳ್ಳುವುದಾಗಿಯೂ, ನಾಳೆಯಿಂದ ನಾನು ಹಿಂದಿನ ಉಗ್ರಾಣದಲ್ಲಿ ಹುಲ್ಲಿನೊಳಗೆ ಬಳೆ ಜೋಡಿಸಬೇಕೆಂದೂ ಹೇಳಿದರು. ಅಲ್ಲಿ ಮಾತಾಡಲು ಯಾರೂ ಇರುವುದಿಲ್ಲವಂತೆ. ಅದಕ್ಕೇ ನನ್ನನ್ನು ಆರಿಸಿದರಂತೆ.

ಮನೆಗೆ ನಡೆದೇ ಹೋದೆ, ಆದಷ್ಟು ನಿಧಾನವಾಗಿ. ಶಾರದೆ ಬಾಗಿಲಲ್ಲೇ ನಿಂತಿದ್ದಳು.

“ಏನ್ರೀ, ಸಂಬಳ ಹೆಚ್ಚಿತಾ?”

ಸುಳ್ಳು ಹೇಳುವ ಧೈರ್ಯ ನನಗೆ ಎಂದೂ ಇಲ್ಲ. ನಿಜ ಹೇಳುವ ಧೈರ್ಯ ಅಂದು ಇರಲಿಲ್ಲ.

“ಹೆಚ್ಚಿತು ಕಣೇ,” ಎಂದೆ. “ಬಳೆ ಹೆಚ್ಚುತ್ತಲ್ಲ, ಹಾಗೆ.”

ಅವಳು ಬೈಯಲಿಲ್ಲ. ಒಳಗೆ ಹೋಗುತ್ತ, ತಣ್ಣಗೆ ಹೇಳಿದಳು:

“ಹಾಗಾದ್ರೆ ಕೇಳಿ. ಮಧ್ಯಾಹ್ನ ನಮ್ಮ ಹಂಡೆನೂ ಹೆಚ್ಚಿತು. ನಾಳೆಯಿಂದ ತಣ್ಣೀರೇ.”