ಅಟ್ಟದ ಕೆಳಗಿನ ಬೇಸ್ ಗಿಟಾರು

ಎಲ್ಲ ಕೂಟಗಳಲ್ಲೂ ಒಬ್ಬ ಇರುತ್ತಾನೆ. ಅವನು ಏನು ಮಾಡುತ್ತಿದ್ದಾನೆ ಎಂಬುದು ಯಾರಿಗೂ ಗೊತ್ತಿರುವುದಿಲ್ಲ. ಮದುವೆ ಮನೆಯಲ್ಲಿ ಹೆಗಲಿಗೆ ಟವೆಲ್ ಹಾಕಿಕೊಂಡು ಅಡುಗೆಮನೆಗೂ ಚಪ್ಪರಕ್ಕೂ ನಡುವೆ ಓಡಾಡುತ್ತಿರುತ್ತಾನೆ. ಕಚೇರಿಯಲ್ಲಾದರೆ ಎಲ್ಲರ ಮೇಜಿನ ಹತ್ತಿರವೂ ನಿಂತು ತಲೆಯಾಡಿಸಿ ಮುಂದೆ ಹೋಗುತ್ತಾನೆ. ಅವನನ್ನೇ ಕೇಳಿದರೆ ಮಾತ್ರ, ತಾನೊಬ್ಬ ಇಲ್ಲದಿದ್ದರೆ ಇಡೀ ಕೆಲಸ ಎಕ್ಕುಟ್ಟಿ ಹೋಗುತ್ತಿತ್ತು ಎಂದು ಆಣೆ ಮಾಡಿ ಹೇಳುತ್ತಾನೆ. ಅಂಥವರನ್ನು ಕಂಡು ಬೇರೆಯವರು ನಗುತ್ತಾರೆ, ನಾನು ನಗುವುದಿಲ್ಲ. ಏಕೆಂದರೆ ತಿಪಟೂರಿನ ಒಂದು ವಾದ್ಯಗೋಷ್ಠಿಯಲ್ಲಿ ನಾನು ಬಹಳ ವರ್ಷ ಬೇಸ್ ಗಿಟಾರು ನುಡಿಸಿದವನು.

ಮಾಮೂಲಿ ಗಿಟಾರಿಗೆ ಆರು ತಂತಿ, ಬೇಸ್ ಗಿಟಾರಿಗೆ ನಾಲ್ಕೇ. ಅವೂ ದಪ್ಪ ದಪ್ಪ. ಹಾಡಿನ ಅಡಿಯಲ್ಲಿ ಗುಂ ಗುಂ ಎಂದು ನಡೆದುಕೊಂಡು ಹೋಗುವ ಸದ್ದು ಇದರದು. ಹಾಡುವವರು ಮೇಲೆ ಎಷ್ಟು ಬೇಕಾದರೂ ಹಾರಾಡಬಹುದು, ಕಾಲೂರಲು ನೆಲ ಕೊಡುವವರು ನಾವು. ಇದನ್ನೆಲ್ಲ ನಮ್ಮ ಹೊನ್ನವಳ್ಳಿ ಕಡೆಯ ಜನಕ್ಕೆ ಬಿಡಿಸಿ ಹೇಳುವಷ್ಟರಲ್ಲಿ ನನಗೆ ಸಾಕಾಗಿ ಹೋಗುತ್ತಿತ್ತು. ನೋಡಿದವರೆಲ್ಲ ಮೊದಲು ತಂತಿ ಎಣಿಸುತ್ತಿದ್ದರು. "ಇನ್ನೆರಡು ಎಲ್ಲಿ ಹೋದ್ವಪ್ಪಾ?" ಎನ್ನುತ್ತಿದ್ದರು. ಅಪ್ಪನ ಸ್ನೇಹಿತರೊಬ್ಬರು ಮಾತ್ರ ನನ್ನ ಪರ ವಹಿಸಿಕೊಂಡು, "ಪಾಪ, ಕಾಸು ಸಾಲ್ದೆ ನಾಕೇ ಹಾಕ್ಸವ್ನೆ. ಬುಡಿ, ಮುಂದಿನ ಸಲ ಕೊಬ್ರಿ ಮಾರಿದಾಗ ಇನ್ನೆರಡು ಹಾಕುಸ್ಕತಾನೆ" ಎಂದು ಎಲ್ಲರಿಗೂ ಸಮಾಧಾನ ಹೇಳಿದ್ದರು.

ಈ ವಾದ್ಯವನ್ನು ನಾನಾಗಿ ಆರಿಸಿಕೊಂಡದ್ದೂ ಅಲ್ಲ. ನಮ್ಮ ಗೋಷ್ಠಿಯ ಯಜಮಾನ ನಂಜುಂಡನಿಗೆ ತಿಪಟೂರಿನಲ್ಲಿ ಬಟ್ಟೆ ಅಂಗಡಿ ಇತ್ತು. ಅಕಾರ್ಡಿಯನ್ ನುಡಿಸುತ್ತಿದ್ದ. ನಾನು ಆಗ ಅಲ್ಲಿಯೇ ಒಂದು ಕಚೇರಿಯಲ್ಲಿ ಗುಮಾಸ್ತ, ಗೋಷ್ಠಿಯಲ್ಲಿ ಎರಡನೆಯ ಗಿಟಾರು. ಒಂದು ದಿನ ಅವನು ಯಾರದೋ ಬೇಸ್ ಗಿಟಾರನ್ನು ಎರವಲು ತಂದು ನನ್ನ ಕೊರಳಿಗೆ ಹಾಕಿ, "ನೀನು ಇದ್ನ ಹಿಡ್ಕಳಪ್ಪ. ತಪ್ಪು ಬಾರ್ಸಿದ್ರೂ ಯಾರಿಗೂ ಗೊತ್ತಾಗಲ್ಲ" ಎಂದ. ನನ್ನ ಸಂಗೀತದ ಬಗ್ಗೆ ಅವನು ಬಾಯಿಬಿಟ್ಟು ಹೇಳಿದ ಒಳ್ಳೆಯ ಮಾತು ಅದೊಂದೇ.

ತಪ್ಪು ಗೊತ್ತಾಗುವುದಿಲ್ಲ ಎಂದರೆ ಸರಿಯಾದದ್ದೂ ಗೊತ್ತಾಗುವುದಿಲ್ಲ ಎಂಬುದು ನನಗೆ ಹೊಳೆದದ್ದು ಮದುವೆಯಾದ ಮೇಲೆ. ನನ್ನ ಹೆಂಡತಿ ಮಂಗಳ ಹಂದನಕೆರೆಯವಳು, ತೆಂಗಿನ ತೋಟದವರ ಮನೆಯ ಮಗಳು. ತುರುವೇಕೆರೆಯಲ್ಲಿ ಅವಳ ನೆಂಟರ ಮದುವೆಯ ಆರತಕ್ಷತೆಗೆ ನಮ್ಮದೇ ಗೋಷ್ಠಿ. ಅವಳ ಕಡೆಯವರೆಲ್ಲ ಮುಂದಿನ ಸಾಲಿನಲ್ಲಿ ಕುಳಿತಿದ್ದರು. ನಾನು ಜೀವ ಬಿಟ್ಟು ನುಡಿಸಿದೆ. ವಾಪಸು ಬರುವಾಗ ಬಸ್ಸಿನಲ್ಲಿ, ಏನೂ ಆಸೆಯಿಲ್ಲದವನ ಹಾಗೆ, "ಹೆಂಗಿತ್ತು?" ಎಂದೆ.

"ಹಾಡಿದ್ದು ಚೆನ್ನಾಗಿತ್ತು ಕಣ್ರೀ. ಡ್ರಮ್ಮು ಹೊಡೆದೋನಂತೂ ಶಾನೆ ಚೆನ್ನಾಗಿ ಹೊಡ್ದ" ಎಂದಳು. ಆಮೇಲೆ ನನ್ನ ಕಡೆ ತಿರುಗಿ, "ನೀವ್ಯಾಕೆ ಸುಮ್ನೆ ನಿಂತಿದ್ರಿ?" ಎಂದು ಕೇಳಿದಳು.

"ಸುಮ್ನೆ ಎಲ್ಲಿ ನಿಂತಿದ್ದೆ? ಉದ್ದಕ್ಕೂ ನುಡಿಸ್ತಿದ್ನಲ್ಲ!"

"ಬೆರಳು ಆಡುಸ್ತಿದ್ರಿ. ಸದ್ದೇ ಬರ್ಲಿಲ್ವಲ್ಲ. ನಮ್ಮ ಚಿಕ್ಕಪ್ಪ ಕೇಳುದ್ರು, ನಿಮ್ಮೆಜಮಾನ್ರುದು ಕೆಟ್ಟೋಗೈತೇನವ್ವಾ ಅಂತ. ಹೂಂ ಅಂದೆ, ಇನ್ನೇನು ಹೇಳ್ಲಿ?"

ಅವಳು ಕುಹಕವಾಡಲಿಲ್ಲ, ನನ್ನ ಮಾನ ಕಾಪಾಡಿದ್ದಳು. ಅದಕ್ಕೇ ನನಗೆ ಹೆಚ್ಚು ನೋವಾಯಿತು. ಊರಿಗೆಲ್ಲ ಕೇಳಿಸದಿದ್ದರೆ ಹೋಗಲಿ, ಈ ಒಬ್ಬಳಿಗೆ ನನ್ನ ಸದ್ದು ಕೇಳಿಸಬೇಕು ಎಂಬ ಹಟ ಅವತ್ತು ಹಿಡಿಯಿತು. ಅದೇ ಸಮಯಕ್ಕೆ ಎರವಲು ಗಿಟಾರಿನವರು ತಮ್ಮದನ್ನು ವಾಪಸು ಕೇಳಿದರು. ನಂಜುಂಡ ಬಟ್ಟೆ ಅಳೆಯುತ್ತಲೇ, "ದಸರಾ ಹೊತ್ತಿಗೆ ನಿಂದೇ ಒಂದು ತಗಂಡ್ ಬಾರಪ್ಪ. ಇಲ್ದಿದ್ರೆ ಹುಳಿಯಾರಿನೋನೊಬ್ಬ ಕೇಳ್ತಾವ್ನೆ, ಅವನತ್ರ ಸ್ವಂತದ್ದೈತೆ" ಎಂದ.

ಕೈಯಲ್ಲಿದ್ದ ಹಣಕ್ಕೆ ಎಲ್ಲವೂ ಒಳ್ಳೆಯದು ಸಿಗುವಂತಿರಲಿಲ್ಲ. ತುಂಬ ಯೋಚನೆ ಮಾಡಿ ಒಂದು ಸಿದ್ಧಾಂತಕ್ಕೆ ಬಂದೆ: ಗಿಟಾರು ಹೇಗಿದ್ದರೂ ನಡೆಯುತ್ತದೆ, ಆಂಪ್ಲಿಫೈಯರ್ ಮಾತ್ರ ದೊಡ್ಡದಾಗಿರಬೇಕು. ತೆಳ್ಳಗಿನ ಸದ್ದಿಗೆ ಸಣ್ಣ ಡಬ್ಬ ಸಾಕು, ದಪ್ಪ ಸದ್ದು ಹೊರಗೆ ಬರಲು ಅಗಲವಾದ ಬಾಗಿಲು ಬೇಕು. ಇದು ಈಗಲೂ ಸರಿಯಾದ ಸಿದ್ಧಾಂತವೇ, ಬೇಸ್ ಕಲಿಯುವವರಿಗೆ ಧಾರಾಳವಾಗಿ ಹೇಳುತ್ತೇನೆ. ಅಪ್ಪ ಇದನ್ನೆಲ್ಲ ಕೇಳಿಸಿಕೊಂಡು ಒಂದಿಷ್ಟು ಹಣ ಸೇರಿಸಿಕೊಟ್ಟರು, ಜೊತೆಗೊಂದು ಷರತ್ತು ಹಾಕಿದರು. "ಮಂಗಳನ್ನ ಕರ್ಕಂಡೋಗ್ಲಾ. ಸಾಮಾನು ನೋಡಿ ತರೋ ಬುದ್ಧಿ ನಿಂಗಿಲ್ಲ." ಹಿಂದೊಮ್ಮೆ ನಾನು ತಂದ ಅಲಾರಂ ಗಡಿಯಾರ ಬೋರಲು ಹಾಕಿದರೆ ಮಾತ್ರ ನಡೆಯುತ್ತಿತ್ತು. ಗಂಟೆ ನೋಡಬೇಕಾದವರು ನೆಲದ ಮೇಲೆ ಅಂಗಾತ ಮಲಗಿ ಅದನ್ನು ಮುಖದ ಮೇಲೆ ಹಿಡಿದುಕೊಳ್ಳಬೇಕಿತ್ತು. ಹಾಗಾಗಿ ನಾನು ಎದುರಾಡಲಿಲ್ಲ.

ಬೆಂಗಳೂರಿನ ಚಿಕ್ಕಪೇಟೆಯ ಒಂದು ಸಂದಿಯಲ್ಲಿ ಹಳೆಯ ವಾದ್ಯಗಳ ಅಂಗಡಿ. ಅಂಗಡಿಯ ಸಾಹೇಬರು ಬಿಳಿ ಗಡ್ಡದ, ಮೆತ್ತಗೆ ಮಾತನಾಡುವ ಮನುಷ್ಯ. ಗಿಟಾರು ಆರಿಸುವುದು ಕಷ್ಟವಾಗಲಿಲ್ಲ, ನಮ್ಮ ಹಣಕ್ಕೆ ಇದ್ದದ್ದೇ ಒಂದು. ಯಾರದೋ ಬೆಲ್ಟಿನ ಬಕಲು ಉಜ್ಜಿ ಉಜ್ಜಿ ಅದರ ಬೆನ್ನಿನ ಬಣ್ಣ ಹೋಗಿತ್ತು. ಆಂಪ್ಲಿಫೈಯರುಗಳು ಎರಡಿದ್ದವು. ಒಂದು ಸಣ್ಣದು, ಹೊಳೆಯುತ್ತಿತ್ತು. ಇನ್ನೊಂದು ಬಟ್ಟೆಯ ಬೀರುವಿನಂಥ ಮರದ ಪೆಟ್ಟಿಗೆ. ನುಡಿಸಿ ನೋಡೋಣವೆಂದರೆ ಆ ಬೀದಿಗೇ ಕರೆಂಟಿರಲಿಲ್ಲ. ಸಾಹೇಬರು ಸಂಜೆ ಬನ್ನಿ ಎಂದರು. ಸಂಜೆಯೊಳಗೆ ನಾವು ಊರಿನ ಬಸ್ಸು ಹತ್ತಬೇಕಿತ್ತು.

ಆಗ ಮಂಗಳ ಸೆರಗು ಸಿಕ್ಕಿಸಿಕೊಂಡು ಮುಂದೆ ಬಂದಳು. ಎರಡು ಪೆಟ್ಟಿಗೆಗಳನ್ನೂ ಬೆರಳ ಗೆಣ್ಣಿನಿಂದ ತಟ್ಟಿದಳು. ಸಣ್ಣದನ್ನು ಎತ್ತಿ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದಳು, ಸದ್ದಿಲ್ಲ. ದೊಡ್ಡದನ್ನು ನಾವಿಬ್ಬರೂ ಹಿಡಿದು ಓಲಾಡಿಸಿದೆವು. ಒಳಗೆ ಏನೋ ಗಡಗಡ ಎಂದಿತು. ಅವಳ ಮುಖ ಅರಳಿತು. "ಇದೇ ಇರ್ಲಿ ಕಣ್ರೀ" ಎಂದು ನನ್ನ ಕಿವಿಯಲ್ಲಿ ಹೇಳಿದಳು. ನನ್ನ ಮುಖವೂ ಅರಳಿತ್ತು.

ಬೇರೆ ಕಡೆಯವರಿಗೆ ಇದು ಹುಚ್ಚು ಎನಿಸಬಹುದು. ನಮ್ಮ ಕಡೆ ಬಲಿತ ತೆಂಗಿನಕಾಯನ್ನು ಸಿಪ್ಪೆ ಸಮೇತ ಮನೆಯ ಅಟ್ಟದ ಮೇಲೆ ಸುರುವಿ, ವರ್ಷದ ಹತ್ತಿರ ಹತ್ತಿರ ಹಾಗೇ ಬಿಡುತ್ತಾರೆ. ಒಳಗಿನ ನೀರು ಇಂಗಿ, ತಿರುಳು ಒಣಗಿ, ಚಿಪ್ಪಿನಿಂದ ಬಿಟ್ಟುಕೊಂಡು ಉಂಡೆ ಕೊಬ್ಬರಿಯಾಗುತ್ತದೆ. ಆಗಿದೆಯೋ ಇಲ್ಲವೋ ತಿಳಿಯಲು ಇರುವುದು ಒಂದೇ ದಾರಿ, ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುವುದು. ಗಡಗಡ ಎಂದರೆ ಚಿನ್ನ. ಸುಮ್ಮನಿದ್ದರೆ ಹಸಿ, ಅವಸರಪಟ್ಟು ಒಡೆದರೆ ತಿರುಳು ಚಿಪ್ಪಿಗೆ ಅಂಟಿಕೊಂಡು ಚೂರಾಗಿ ಹಾಳು. ಹಾಲು ಕುಡಿಯುವ ವಯಸ್ಸಿನಿಂದ ಇದನ್ನೇ ಕೇಳಿ ಬೆಳೆದ ನಮ್ಮಿಬ್ಬರ ಕಿವಿಗೂ, ಒಳಗೆ ಗಡಗಡ ಎನ್ನುವ ಪದಾರ್ಥ ಕೆಟ್ಟದ್ದಿರಬಹುದು ಎಂದು ತೋಚಲೇ ಇಲ್ಲ.

ಸಾಹೇಬರು ಪಾಪ ನಾಚಿಕೊಂಡು, "ಅಂದರ್ ಥೋಡಾ ಲೂಸ್ ಐತೆ ಅಮ್ಮಾ. ರೇಟು ಕಮ್ಮಿ ಮಾಡ್ಕೊಡ್ತೀನಿ" ಎಂದರು. "ಲೂಸಾದ್ರೇ ಅಲ್ವಾ ಸಾಬ್ರೇ ಒಳ್ಳೇದು?" ಎಂದಳು ಮಂಗಳ. ಅವರು ನನ್ನ ಮುಖ ನೋಡಿದರು. ನಾನೂ ಹೆಮ್ಮೆಯಿಂದ ತಲೆಯಾಡಿಸಿದೆ. ಬೆಲೆ ಇಳಿಸಿದ್ದಕ್ಕೆ ಅವರು ಆಮೇಲೆ ಎಷ್ಟು ದಿನ ಪರಿತಪಿಸಿದರೋ ಏನೋ.

ಗಿಟಾರಿಗೆ ಚೀಲ ಕೊಳ್ಳಲು ಹಣ ಉಳಿಯಲಿಲ್ಲ. ಮನೆಯಿಂದ ತಂದಿದ್ದ ಕೊಬ್ಬರಿಯ ಗೋಣಿಚೀಲದಲ್ಲೇ ತೂರಿಸಿ ಬಾಯಿ ಕಟ್ಟಿದೆವು, ಪೆಟ್ಟಿಗೆಯನ್ನು ಬಸ್ಸಿನ ಮೇಲೆ ಹಾಕಿಸಿದೆವು. ಕಿಬ್ಬನಹಳ್ಳಿಯಲ್ಲಿ ಬಸ್ಸು ಹತ್ತಿದ ಹೊಸ ಕಂಡಕ್ಟರು ಅದನ್ನು ಕಾಲಿನಿಂದ ಮುಟ್ಟಿ ನೋಡಿ, ಜನರೆಲ್ಲ ಕೊಬ್ಬರಿಯನ್ನು ತಿಪಟೂರಿನಿಂದ ಆಚೆಗೆ ಸಾಗಿಸುತ್ತಾರೆ, ನೀವು ಮಾತ್ರ ಬೆಂಗಳೂರಿನಿಂದ ತಿಪಟೂರಿಗೆ ತರುತ್ತಿದ್ದೀರಲ್ಲ ಎಂದು ಮರುಗಿದ. ಕೊರಳಿಗೆ ಹಾಕುವ ಪಟ್ಟಿಯನ್ನು ಊರಿನಲ್ಲೇ ಮಾಡಿಸಿದೆ. ಎತ್ತಿನ ಕೊರಳಪಟ್ಟಿ ಹೊಲಿದು ಕೈ ಪಳಗಿದವರು, ಗಂಟೆ ಕಟ್ಟಲು ಕಬ್ಬಿಣದ ಬಳೆಗಳನ್ನೂ ಹಾಕಿದ್ದರು. ಹೊಸ ತಂತಿ ತರುವ ಶಕ್ತಿಯಿರಲಿಲ್ಲ. ಹಳೆಯದನ್ನೇ ಕುದಿಯುವ ನೀರಿನಲ್ಲಿ ಹಾಕಿದರೆ ಜಿಡ್ಡು ಬಿಟ್ಟು ಸದ್ದು ಮತ್ತೆ ಬರುತ್ತದೆ ಎಂದು ನಂಜುಂಡ ಹೇಳಿದ್ದ. ಅದು ನಿಜವೂ ಹೌದು. ಆದರೆ ಸಾರಿನ ಪಾತ್ರೆಯಲ್ಲಿ ಕುದಿಸು ಎಂದು ಅವನೇನೂ ಹೇಳಿರಲಿಲ್ಲ. ಮಂಗಳ ಮುಚ್ಚಳ ತೆಗೆದು ನೋಡಿದವಳು ಮತ್ತೆ ಮುಚ್ಚಿದಳು. ಆ ಪಾತ್ರೆ ಆಮೇಲೆ ಹಸುವಿನ ಕಲಗಚ್ಚಿಗೆ ಹೋಯಿತು.

ಕೊನೆಗೆ ನಡುಮನೆಯಲ್ಲಿ ಎಲ್ಲವನ್ನೂ ಜೋಡಿಸಿ, ಕರೆಂಟು ಬಂದ ಹೊತ್ತು ನೋಡಿ, ದಪ್ಪ ತಂತಿಯನ್ನು ಮೀಟಿದೆ. ಗುಂ ಎಂದಿತು. ಬೆನ್ನ ಹಿಂದೆಯೇ ಗಡಗಡಗಡ ಎಂದಿತು. ಪೆಟ್ಟಿಗೆ ಬಿಚ್ಚಿದೆ. ಒಳಗೆ ಒಂದು ಸ್ಕ್ರೂ ಬಿದ್ದು ಹೊರಳಾಡುತ್ತಿತ್ತು, ತೆಗೆದುಹಾಕಿದೆ. ಮತ್ತೆ ಮೀಟಿದರೆ ಮತ್ತೆ ಗಡಗಡ. ಮುಂದಿನ ದಿನಗಳಲ್ಲಿ ಬಿಗಿಯಬಹುದಾದದ್ದನ್ನೆಲ್ಲ ಬಿಗಿದೆ, ಬಟ್ಟೆ ತುರುಕಿದೆ, ಕೆಳಗೆ ಗೋಣಿ ಹಾಸಿದೆ. ತೆಳು ತಂತಿಗಳಿಗೆ ಸುಮ್ಮನಿರುತ್ತಿತ್ತು, ದಪ್ಪ ತಂತಿ ಮುಟ್ಟಿದರೆ ಸಾಕು, ಶುರು. ತಲೆ ಕೆಟ್ಟು ಮಂಗಳಳ ಮೇಲೆ ರೇಗಿದೆ. "ನೋಡು, ಕೊಬ್ರಿ ಆರ್ಸಿದಂಗೆ ಆರ್ಸಿದೆ!" ನಾನೂ ಜೊತೆಯಲ್ಲಿ ನಿಂತು ತಲೆಯಾಡಿಸಿದ್ದನ್ನು ಅವಳು ಎತ್ತಿ ಆಡಲಿಲ್ಲ. ಒಳಗೆ ಹೋದಳು. ಅಡುಗೆಮನೆಯ ಪಾತ್ರೆಗಳು ಮಾತ್ರ ಸ್ವಲ್ಪ ಜೋರಾಗಿ ಮಾತನಾಡಿದವು.

ಭಾನುವಾರ ನಂಜುಂಡ ಪರೀಕ್ಷೆಗೆ ಬಂದ. ಕಾಫಿ ಲೋಟ ಹಿಡಿದು ಕುಳಿತು, "ಹೂಂ, ನುಡ್ಸು" ಎಂದ. ನುಡಿಸಿದೆ. ಗಡಗಡ ಶುರುವಾಯಿತು. ಅವನು ಕಣ್ಣು ಮುಚ್ಚಿ ಕೇಳಿದ, ಕಣ್ಣು ಬಿಟ್ಟ, ನಿಟ್ಟುಸಿರು ಬಿಟ್ಟ. "ಇದಾಗಲ್ಲ ಕಣಪ್ಪ. ಹುಳಿಯಾರಿಗೆ ಹೇಳ್ಕಳುಸ್ತೀನಿ, ಬೇಜಾರು ಮಾಡ್ಕಬೇಡ." ಬೇಜಾರು ಮಾಡಿಕೊಳ್ಳಬೇಡ ಎಂದರೆ ಆಗುತ್ತದೆಯೇ? ಪಟ್ಟಿಯನ್ನು ಕೊರಳಿನಿಂದ ತೆಗೆಯಹೋದೆ.

ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಮಂಗಳ, "ಒಂಚೂರು ತಾಳಿ. ರೀ, ಇನ್ನೊಂದ್ಸಲ ಎಳೀರಿ ಅದ್ನ" ಎಂದಳು. ಎಳೆದೆ. ಅವಳು ಪೆಟ್ಟಿಗೆಯ ಕಡೆ ನೋಡುತ್ತಲೇ ಇರಲಿಲ್ಲ. ನಂಜುಂಡನ ಕಾಫಿಯೊಳಗೆ ಮೇಲಿನಿಂದ ದೂಳು ಉದುರಿತ್ತು, ಅದನ್ನು ನೋಡುತ್ತಿದ್ದಳು. ಸರಸರನೆ ಏಣಿ ಇಟ್ಟು ಅಟ್ಟ ಹತ್ತಿದಳು. "ಎಳೀರಿ!" ಮೇಲಿನಿಂದ ದನಿ ಬಂತು. "ಇನ್ನೊಂದ್ಸಲ!" ಆಮೇಲೆ ನಗು ಕೇಳಿಸಿತು. "ರೀ, ನಿಮ್ ಪೆಟ್ಟಿಗೆಗೇನೂ ಆಗಿಲ್ಲ ಕಣ್ರೀ! ಕೊಬ್ರಿ ಇದು! ಈ ಕಡೇದೆಲ್ಲ ಒಣಗೈತೆ!"

ನಾನು ದಪ್ಪ ತಂತಿ ಮೀಟಿದರೆ ಅಟ್ಟದ ಹಲಗೆ ಅದುರುತ್ತಿತ್ತು. ಹಲಗೆ ಅದುರಿದರೆ ಅದರ ಮೇಲಿನ ಒಣಗಿದ ಕಾಯಿಗಳೊಳಗೆ ಕೊಬ್ಬರಿ ಕುಣಿಯುತ್ತಿತ್ತು. ಜಗುಲಿಯಲ್ಲಿದ್ದ ಅಪ್ಪ ಎದ್ದು ಬಂದು ಅಟ್ಟದ ಕೆಳಗೆ ಕತ್ತೆತ್ತಿ ನಿಂತರು. "ಆ ಮೂಲೇದವ್ವಾ?" "ಅವಿನ್ನೂ ಸುಮ್ಗವೆ ಮಾವಾ." ಅಷ್ಟು ವರ್ಷ ನನ್ನ ಗಿಟಾರಿನ ವಿಷಯಕ್ಕೆ ತುಟಿ ಬಿಚ್ಚದಿದ್ದ ಅಪ್ಪ ನನ್ನ ಕಡೆ ತಿರುಗಿ, "ಲೇ, ಆ ದಪ್ಪ ತಂತಿ ಇನ್ನೊಂಚೂರು ಎಳಿಯಲಾ" ಎಂದರು. ಆಮೇಲೆ ಪೆಟ್ಟಿಗೆಯನ್ನು ಅಂಗಳಕ್ಕೆ ಹೊತ್ತು ನುಡಿಸಿದಾಗ ಗಡಗಡದ ಸುಳಿವೇ ಇರಲಿಲ್ಲ. ನಂಜುಂಡ ದೂಳಿನ ಕಾಫಿಯನ್ನು ಹಾಗೇ ಕುಡಿದು, ದಸರಾಕ್ಕೆ ಬಾ ಎಂದು ಹೇಳಿ ಹೋದ.

ಸುದ್ದಿ ಹಬ್ಬಿತು. ಅಕ್ಕಪಕ್ಕದವರು ಪೆಟ್ಟಿಗೆಯನ್ನು ಗಾಡಿಯಲ್ಲಿ ಹೇರಿಕೊಂಡು ಹೋಗಿ ತಮ್ಮ ಅಟ್ಟದ ಕೆಳಗೂ ನನ್ನಿಂದ ನುಡಿಸಿಕೊಂಡರು. ಆ ವರ್ಷ ಹೊನ್ನವಳ್ಳಿ ಕಡೆಯ ಅಟ್ಟಗಳ ಕೆಳಗೆ ನಾನು ಕೊಟ್ಟಷ್ಟು ಕಛೇರಿಗಳನ್ನು ವೇದಿಕೆಯ ಮೇಲೆ ಕೊಟ್ಟಿಲ್ಲ. ನಾನು ನುಡಿಸುವಾಗ ಜನ ಉಸಿರು ಬಿಗಿಹಿಡಿದು, ಮಕ್ಕಳನ್ನು ಗದರಿಸಿ ಸುಮ್ಮನಿರಿಸಿ ಕೇಳಿದ್ದು ಅದೇ ಮೊದಲು. ಅವರು ಕೇಳುತ್ತಿದ್ದದ್ದು ನನ್ನನ್ನಲ್ಲ ಎಂಬುದು ಗೊತ್ತಿದ್ದರೂ ಸಂತೋಷವಾಗುತ್ತಿತ್ತು. ಬೇರೆ ಯಾವುದೋ ಸದ್ದು ಹೊರಡಲು ಕಾರಣವಾಗುವುದೇ ನನ್ನ ವಾದ್ಯದ ಕೆಲಸ ಎಂದು ಆಗೀಗ ಯೋಚಿಸುತ್ತಿದ್ದೆ. ಆದರೂ ಒಬ್ಬಳ ಮಾತು ಬಾಕಿ ಇತ್ತು.

ದಸರಾಕ್ಕೆ ಚಿಕ್ಕನಾಯಕನಹಳ್ಳಿಯಲ್ಲಿ ನುಡಿಸಿದೆವು. ಮಂಗಳ ಬಂದಿದ್ದಳು. ಮಾರನೆಯ ಬೆಳಗಿನ ಬಸ್ಸಿನಲ್ಲಿ ನಾನು ಏನನ್ನೂ ಕೇಳಲಿಲ್ಲ. ಕೇಳಲು ಧೈರ್ಯವಿರಲಿಲ್ಲ. ಸ್ವಲ್ಪ ದೂರ ಬಂದ ಮೇಲೆ ಅವಳೇ ಬಾಯಿಬಿಟ್ಟಳು.

"ನಿಮ್ದು ಕೇಳುಸ್ತು ಕಣ್ರೀ."

"ಹೆಂಗೆ? ಅಲ್ಲಿ ಅಟ್ಟ ಇರ್ಲಿಲ್ವಲ್ಲ?"

"ಕಬ್ಬಿಣದ ಕುರ್ಚಿ ಹಾಕಿದ್ರು. ಮೊದ್ಲು ಕುರ್ಚಿ ನಡುಗ್ತು, ಆಮೇಲೆ ಕಿವಿಗೆ ಸಿಕ್ತು. ಒಂದ್ಸಲ ಸಿಕ್ಕಿದ್ಮೇಲೆ ಬೇರೆ ಯಾರ್ದೂ ಕೇಳುಸ್ಲೇ ಇಲ್ಲ. ಹಾಡೋರು ನಿಲ್ಲುಸುದ್ರೂ ಅದು ನಡೀತಾನೇ ಇತ್ತು."

ನನ್ನ ಕಣ್ಣು ಒದ್ದೆಯಾಯಿತು. ಕಿಟಕಿಯ ದೂಳು ಎಂದು ಸುಳ್ಳು ಹೇಳುವುದಿಲ್ಲ. ಅಷ್ಟಕ್ಕೇ ಸುಮ್ಮನಿರಬಹುದಿತ್ತು. ದುರಾಸೆ ಕೇಳಬೇಕಲ್ಲ, "ಚೆನ್ನಾಗಿತ್ತಾ?" ಎಂದೆ.

ಅವಳು ಅಟ್ಟದ ಮೇಲೆ ಕಾಯಿಗೆ ಕಿವಿಗೊಡುವಾಗಿನ ಮುಖ ಮಾಡಿಕೊಂಡಳು. "ಇನ್ನೂ ಒಂಚೂರು ಹಸಿ ಕಣ್ರೀ. ಒಂದೆರಡು ತಿಂಗ್ಳು ಅಟ್ಟದ ಮೇಲಿರ್ಬೇಕು" ಎಂದಳು.

ಅದಾಗಿ ಬಹಳ ಕಾಲವಾಯಿತು. ನನ್ನ ತಲೆಕೂದಲು ನೆರೆತು ಹೋಗಿದೆ. ಈಗಲೂ ಸಂಜೆ ಹೊತ್ತು ನಡುಮನೆಯಲ್ಲಿ ಆ ದಪ್ಪ ತಂತಿಯನ್ನು ಒಮ್ಮೆ ಮೀಟಿ, ಅಡುಗೆಮನೆಯ ಕಡೆಗೆ ಕಿವಿಗೊಟ್ಟು ಕೂರುತ್ತೇನೆ. ನನ್ನನ್ನು ಅವಳು ಇನ್ನೂ ಅಟ್ಟದಿಂದ ಇಳಿಸಿಲ್ಲ.